ಹಾಲ್‌ನ ಟಿವಿ ಪಿಸಿಗೆ ಮೂರು ವಾಲ್ಯೂಮ್ ಪ್ರೊಫೈಲು

ಯಂತ್ರ ಹಳೆಯದು. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡು, 8 ಜಿಬಿ ರ‍್ಯಾಮ್, ಸಣ್ಣದೊಂದು ಎಸ್‌ಎಸ್‌ಡಿ. ಮೇಜಿನ ಮೇಲೆ ಯಾರಿಗೂ ಬೇಡವಾದ ಮೇಲೆ ಟಿವಿ ಕೆಳಗಿನ ಕಪಾಟು ಸೇರಿತು. ಡೆಬಿಯನ್ 13 ಎಂಬ ಲಿನಕ್ಸ್, ಅದರ ಮೇಲೆ ಸಿನಿಮಾ ಹಾಡು ಹಾಕುವ ಕೋಡಿ, ಜೊತೆಗೊಂದು ಬ್ರೌಸರ್. ಇಷ್ಟೇ ಅದರ ಸಂಸಾರ. ಎಚ್‌ಡಿಎಂಐ ಕೇಬಲ್ ಟಿವಿಗೆ ಹೋಗುತ್ತದೆ. ಹಿಂದಿನ ಹಸಿರು ಜ್ಯಾಕ್‌ನಿಂದ ಒಂದು ವೈರು ಹಳೆಯ ಸ್ಟೀರಿಯೋ ಆಂಪ್ಲಿಫೈಯರಿಗೆ. ಕ್ಯಾಬಿನೆಟ್ಟಿನ ಮುಂದಿನ ಜ್ಯಾಕು ಹೆಡ್‌ಫೋನಿಗೆಂದು ಇರುವುದು.

ಚಿತ್ರದ ವಿಷಯದಲ್ಲಿ ಈ ಪಿಸಿಯ ಮೇಲೆ ಯಾರ ದೂರೂ ಇರಲಿಲ್ಲ. ಸೌಂಡಿನದೇ ಗೋಳು. ಹಾಡು ಜೋರಾಗಿ ಕೇಳುತ್ತದೆ, ಸಿನಿಮಾದ ಮಾತು ಕೇಳುವುದಿಲ್ಲ. ರಿಮೋಟಿನಿಂದ ಟಿವಿ ಆಫ್ ಮಾಡಿದರೆ ಸಿನಿಮಾದ ಸದ್ದು ಇದ್ದಕ್ಕಿದ್ದಂತೆ ಆಂಪ್ಲಿಫೈಯರಿನಿಂದ ಹೊರಡುತ್ತದೆ. ಹೆಡ್‌ಫೋನ್ ಕಿತ್ತರೂ ಹಿಂದಿನ ಸ್ಪೀಕರಿಗೆ ಜೀವ ಬರುವುದಿಲ್ಲ. ಯಾರೋ ಬ್ರೌಸರಿನ ಸೌಂಡ್ ಇಳಿಸಿದ್ದು ವಾರ ಕಳೆದರೂ ಹಾಗೇ ಇರುತ್ತದೆ. "ಮಾತೇ ಕೇಳ್ಸಲ್ಲ ಕಣೋ, ಫೈಟ್ ಬಂದ್ರೆ ಮಾತ್ರ ಪಕ್ಕದ ಮನೆಯವರೂ ಎದ್ದು ಕೂತ್ಕೋಬೇಕು" ಅಂತ ಅಮ್ಮ ಹೇಳಿದ ಮೇಲೆ ಕೈಹಾಕಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮ್ಯಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ನಾವು ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಮೊದಲು ಕಾರ್ಡುಗಳ ಪಟ್ಟಿ. ಪ್ರಾಕ್ ಡೈರೆಕ್ಟರಿಯೊಳಗೆ ಎಸೌಂಡ್, ಅದರೊಳಗೆ ಕಾರ್ಡ್ಸ್ ಅಂತ ಒಂದು ಫೈಲಿದೆ. ಅದನ್ನು ತೆರೆದರೆ ಎರಡು ಕಾರ್ಡು ಕಂಡವು. ಸೊನ್ನೆಯ ನಂಬರಿನದು ಎಚ್‌ಡಿಎಂಐ, ಒಂದನೇ ನಂಬರಿನದು ಪಿಸಿಎಚ್, ಅಂದರೆ ಚಿಪ್‌ಸೆಟ್‌ನದು. ಹ್ಯಾಸ್‌ವೆಲ್ ಅಂದರೆ ಈ ನಾಲ್ಕನೇ ತಲೆಮಾರಿನ ಇಂಟೆಲ್ ಪ್ರೊಸೆಸರುಗಳಲ್ಲಿ ಹೀಗೆಯೇ. ಎಚ್‌ಡಿಎಂಐ ಸೌಂಡಿನ ಕಂಟ್ರೋಲರ್ ಗ್ರಾಫಿಕ್ಸ್ ಜೊತೆ ಪ್ರೊಸೆಸರಿನೊಳಗೇ ಇರುತ್ತದೆ, ಪಿಸಿಐ ವಿಳಾಸ 00:03.0. ಹಿಂದಿನ ಬಣ್ಣಬಣ್ಣದ ಜ್ಯಾಕುಗಳ ರಿಯಲ್‌ಟೆಕ್ ಎಎಲ್‌ಸಿ887 ಚಿಪ್ಪು ಚಿಪ್‌ಸೆಟ್‌ನ ಕಂಟ್ರೋಲರಿಗೆ ಅಂಟಿಕೊಂಡಿದೆ, ಅದರ ವಿಳಾಸ 00:1ಬಿ.0. ಕಣ್ಣಿಗೆ ಒಂದೇ ಮದರ್‌ಬೋರ್ಡು, ಲಿನಕ್ಸಿಗೆ ಎರಡು ಸೌಂಡ್ ಕಾರ್ಡು. ಹಳೆಯ ಟಿಪ್ಪಣಿಗಳಲ್ಲಿ ಕಾಣುವ "ಕಾರ್ಡ್ 0 ಅಂದರೆ ಸ್ಪೀಕರ್" ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಯುಎಸ್‌ಬಿ ವೆಬ್‌ಕ್ಯಾಮ್ ಚುಚ್ಚಿಟ್ಟು ಬೂಟ್ ಮಾಡಿದರೆ ನಂಬರುಗಳು ಅದಲುಬದಲಾಗುವುದೂ ಉಂಟು. ಅದಕ್ಕೇ ನಂಬರು ಎಲ್ಲೂ ಬಳಸಬಾರದು, ಕಾರ್ಡಿನ ಹೆಸರೇ ಹಿಡಿಯಬೇಕು.

ಈ ಕಾರ್ಡುಗಳ ಮೇಲೆ ಪದರಗಳಿವೆ. ಕೆಳಗೆ ಲಿನಕ್ಸಿನ ತಿರುಳಾದ ಕರ್ನಲ್‌ನ ಸೌಂಡ್ ಡ್ರೈವರುಗಳ ವ್ಯವಸ್ಥೆ ಆಲ್ಸಾ, 2003ರ ಕೊನೆಗೆ ಬಂದ 2.6 ಕರ್ನಲ್‌ನಿಂದ ಅದೇ ಮೂಲ. ಅದರ ಮೇಲೆ, ಎಲ್ಲ ಪ್ರೋಗ್ರಾಮುಗಳ ಸೌಂಡ್ ಕೂಡಿಸಿ ಕಾರ್ಡಿಗೆ ಕೊಡುವ ಪಲ್ಸ್‌ಆಡಿಯೋ ಬಹುಕಾಲ ಇತ್ತು. ಈಗ ಆ ಜಾಗದಲ್ಲಿ ವಿಮ್ ಟೇಮನ್ಸ್ ಶುರು ಮಾಡಿದ ಪೈಪ್‌ವೈರ್ ಕೂತಿದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ 2021ರಲ್ಲೇ ಇದಕ್ಕೆ ಬದಲಾಯಿತು. ಪೈಪ್‌ವೈರ್ ಸೌಂಡನ್ನು ಸಾಗಿಸುತ್ತದೆ ಅಷ್ಟೆ. ಯಾವ ಕಾರ್ಡಿಗೆ ಯಾವ ಪ್ರೊಫೈಲು (ಕಾರ್ಡು ಎಷ್ಟು ಚಾನೆಲ್ಲಿನಲ್ಲಿ, ಎಲ್ಲಿಂದ ಸೌಂಡ್ ಕೊಡಬೇಕೆಂಬ ಏರ್ಪಾಡು), ಯಾವ ಜ್ಯಾಕಿಗೆ ಎಷ್ಟು ವಾಲ್ಯೂಮ್ ಅಂತ ತೀರ್ಮಾನಿಸುವುದು ಪಕ್ಕದಲ್ಲಿ ಕೂತ ವೈರ್‌ಪ್ಲಂಬರ್. ಡೆಬಿಯನ್ 13ರಲ್ಲಿರುವುದು ಅದರ 0.5ನೇ ಸರಣಿ. 0.4ರಲ್ಲಿ ಸೆಟ್ಟಿಂಗುಗಳನ್ನು ಲುವಾ ಎಂಬ ಭಾಷೆಯ ಫೈಲಿನಲ್ಲಿ ಬರೆಯುತ್ತಿದ್ದರು, 0.5ಕ್ಕೆ ಬಂದಾಗ ಆ ಪದ್ಧತಿಯೇ ಹೋಯಿತು. ಹುಡುಕಿದರೆ ಸಿಗುವ ಸಲಹೆಗಳಲ್ಲಿ ಎಷ್ಟೋ ಆ ಹಳೆಯ ಲುವಾದವು. ಅವನ್ನು ಇಲ್ಲಿ ಹಾಕಿದರೆ ಎರರ್ ಕೂಡ ಬರುವುದಿಲ್ಲ, ಏನೂ ಆಗುವುದೇ ಇಲ್ಲ. ತಲೆ ಕೆಡಿಸಿಕೊಳ್ಳುವವರು ಮೊದಲು ವೈರ್‌ಪ್ಲಂಬರಿನ ವರ್ಶನ್ ನೋಡಿಕೊಳ್ಳಿ.

ಈಗ ಅಮ್ಮನ ದೂರು. ಈ ಮೇಲಿನ ಪದರವನ್ನು ಕೇಳಿ ತಿದ್ದುವ ಪಿಎ-ಸಿಟಿಎಲ್ ಕಮ್ಯಾಂಡಿಗೆ ಲಿಸ್ಟ್ ಕಾರ್ಡ್ಸ್ ಅಂತ ಕೊಟ್ಟಾಗ ಕಾರಣ ಅಲ್ಲೇ ಬಿದ್ದಿತ್ತು. ಪಿಸಿಎಚ್ ಕಾರ್ಡಿನ ಚಾಲ್ತಿ ಪ್ರೊಫೈಲು ಅನಲಾಗ್ ಸರೌಂಡ್ 5.1. ಸ್ಪೀಕರಿರುವುದು ಎರಡೇ! ಹಾಡುಗಳೆಲ್ಲ ಎರಡು ಚಾನೆಲ್ಲಿನವು, ಎಡ ಬಲಕ್ಕೆ ನೇರವಾಗಿ ಹೋಗಿ ಚೆನ್ನಾಗಿ ಕೇಳುತ್ತವೆ. 5.1 ಸಿನಿಮಾದಲ್ಲಿ ಮಾತು ಹೆಚ್ಚುಪಾಲು ಇರುವುದು ನಡುವಿನ ಸೆಂಟರ್ ಚಾನೆಲ್ಲಿನಲ್ಲಿ. ಮೂರೇ ಜ್ಯಾಕಿರುವ ಇಂಥ ಬೋರ್ಡಿನಲ್ಲಿ ಆ ಚಾನೆಲ್ ಮೈಕಿನ ಗುಲಾಬಿ ಜ್ಯಾಕಿಗೆ ಹೋಗುತ್ತದೆ. ಅಲ್ಲಿ ಚುಚ್ಚಿರುವುದು ಏನೂ ಇಲ್ಲ. ಕಾರ್ಡು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ನಾಯಕ ನಾಯಕಿ ಖಾಲಿ ಜ್ಯಾಕಿನೊಳಗೆ ಮಾತಾಡಿಕೊಳ್ಳುತ್ತಿದ್ದಾರೆ, ಹಿನ್ನೆಲೆ ಸಂಗೀತ ಮಾತ್ರ ನಮಗೆ.

ಪರೀಕ್ಷೆಗೆ ಸ್ಪೀಕರ್-ಟೆಸ್ಟ್ ಕಮ್ಯಾಂಡಿಗೆ ಆರು ಚಾನೆಲ್, ವೇವ್ ಅಂತ ಕೊಟ್ಟೆ. ಅದು ಒಂದೊಂದು ಚಾನೆಲ್ಲಿನ ಹೆಸರನ್ನೂ ಅದೇ ಚಾನೆಲ್ಲಿನಿಂದ ಹೇಳುತ್ತದೆ. "ಫ್ರಂಟ್ ಲೆಫ್ಟ್", "ಫ್ರಂಟ್ ರೈಟ್" ಕೇಳಿತು, "ಫ್ರಂಟ್ ಸೆಂಟರ್" ಸರದಿಗೆ ಮೌನ. ಪ್ರೊಫೈಲನ್ನು ಅನಲಾಗ್ ಸ್ಟೀರಿಯೋಗೆ ಬದಲಿಸಿ ಮತ್ತೆ ಕೊಟ್ಟರೆ ಸೆಂಟರಿನ ದನಿ ಎರಡೂ ಸ್ಪೀಕರಿನಿಂದ ಬಂತು. ಪ್ರೊಫೈಲು ಎರಡು ಚಾನೆಲ್ಲಿನದು ಎಂದು ಗೊತ್ತಾದರೆ ಪೈಪ್‌ವೈರ್ ತಾನೇ ಆರನ್ನು ಎರಡಕ್ಕೆ ಬೆರೆಸಿ ಕೊಡುತ್ತದೆ. ಕೋಡಿಯ ಆಡಿಯೋ ಸೆಟ್ಟಿಂಗಿನಲ್ಲೂ ಚಾನೆಲ್ ಸಂಖ್ಯೆ 2.0 ಮಾಡಿ, ಔಟ್‌ಪುಟ್ ಡಿವೈಸ್ ಡೀಫಾಲ್ಟ್ ಇಟ್ಟೆ, ಪಾಸ್‌ಥ್ರೂ ಆಫ್ ಮಾಡಿದೆ. ಪಾಸ್‌ಥ್ರೂ ಆನ್ ಇದ್ದರೆ ಡಾಲ್ಬಿ ಡೇಟಾ ಬಿಚ್ಚದೆ ಹಾಗೇ ಟಿವಿಗೆ ಹೋಗುತ್ತದೆ, ಅದರ ಮೇಲೆ ಪಿಸಿಯ ಯಾವ ವಾಲ್ಯೂಮಿನ ಆಟವೂ ನಡೆಯುವುದಿಲ್ಲ.

ಹೆಡ್‌ಫೋನಿನ ಸಮಸ್ಯೆಗೆ ಸ್ಕ್ರೂಡ್ರೈವರೇ ಬೇಕಾಯಿತು. ಮುಂದಿನ ಜ್ಯಾಕಿಗೆ ಏನೂ ಚುಚ್ಚದಿದ್ದರೂ ಪಟ್ಟಿಯಲ್ಲಿ ಹೆಡ್‌ಫೋನ್ ಪೋರ್ಟು "ಲಭ್ಯ" ಅಂತ ತೋರಿಸುತ್ತಿತ್ತು. ಹೆಡ್‌ಫೋನ್ ಇದೆ ಅಂತ ನಂಬಿದ ಡ್ರೈವರ್ ಹಿಂದಿನ ಸ್ಪೀಕರ್ ಬಂದ್ ಮಾಡುತ್ತದೆ. ಚಿಪ್ಪಿನ ಮಟ್ಟ ತಿದ್ದುವ ಆಲ್ಸಾಮಿಕ್ಸರಿನಲ್ಲಿ ಕಾಣುವ ಆಟೋ-ಮ್ಯೂಟ್ ಮೋಡ್ ಅಂದರೆ ಇದೇ. ಆಟೋ-ಮ್ಯೂಟ್ ಆಫ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮದ್ದು, ಏಕೆಂದರೆ ಮೇಲಿನ ವೈರ್‌ಪ್ಲಂಬರ್ ಆಗಲೂ ಹೆಡ್‌ಫೋನ್ ಪೋರ್ಟನ್ನೇ ಆರಿಸುತ್ತದೆ. ಪಕ್ಕದ ಬಾಗಿಲು ಬಿಚ್ಚಿ ನೋಡಿದೆ. ಕ್ಯಾಬಿನೆಟ್ಟಿನ ಮುಂದಿನಿಂದ ಬರುವ ಆಡಿಯೋ ವೈರಿಗೆ ಎರಡು ಪ್ಲಗ್ಗು: ಒಂದರ ಮೇಲೆ ಎಚ್‌ಡಿ ಆಡಿಯೋ, ಇನ್ನೊಂದರ ಮೇಲೆ ಎಸಿ97 ಅಂತ ಅಚ್ಚು. ಜೋಡಿಸಿದವರು ಎಸಿ97 ಪ್ಲಗ್ಗನ್ನು ಹಾಕಿದ್ದರು. ಅದು 1997ರ ಹಳೆಯ ಪದ್ಧತಿ, ಜ್ಯಾಕಿಗೆ ಏನಾದರೂ ಚುಚ್ಚಿದೆಯೋ ಇಲ್ಲವೋ ಎಂದು ತಿಳಿಸುವ ಸೆನ್ಸ್ ವೈರು ಅದರಲ್ಲಿಲ್ಲ. 2004ರಲ್ಲಿ ಬಂದ ಇಂಟೆಲ್ ಎಚ್‌ಡಿ ಆಡಿಯೋದಲ್ಲಿ ಇದೆ. ಪ್ಲಗ್ಗು ಬದಲಿಸಿ, ಬಯೋಸಿನಲ್ಲಿ ಫ್ರಂಟ್ ಪ್ಯಾನೆಲ್ ಎಚ್‌ಡಿ ಎಂದಿದೆಯೇ ನೋಡಿಕೊಂಡೆ. ಅಲ್ಲಿಂದ ಮುಂದೆ ಹೆಡ್‌ಫೋನ್ ಚುಚ್ಚಿದರೆ ಅದಕ್ಕೆ, ಕಿತ್ತರೆ ಆಂಪ್ಲಿಫೈಯರಿಗೆ. ಸಾಫ್ಟ್‌ವೇರಿನಲ್ಲಿ ಎಷ್ಟು ತಡಕಾಡಿದ್ದರೂ ಇದು ಸರಿಹೋಗುತ್ತಿರಲಿಲ್ಲ. ಬಿಚ್ಚಿದ್ದಾಯಿತಲ್ಲ ಅಂತ ಪ್ರೊಸೆಸರ್ ಫ್ಯಾನಿನ ಧೂಳನ್ನೂ ಹೊಡೆದೆ. ರಾತ್ರಿ ಹೊತ್ತು ಅದರ ಗುಂಯ್‌ಗುಟ್ಟುವಿಕೆಯೂ ಸೌಂಡಿನ ಲೆಕ್ಕಕ್ಕೇ ಸೇರುತ್ತದೆ.

ಇನ್ನು ವಾಲ್ಯೂಮು. ಈ ಪಿಸಿಯಲ್ಲಿ ಒಂದು ಹಾಡು ಕಿವಿಗೆ ಬರುವಷ್ಟರಲ್ಲಿ ಎಷ್ಟು ಕಡೆ ಅದರ ಮಟ್ಟ ಬದಲಾಗಬಹುದು ಎಂದು ಕಾಗದದ ಮೇಲೆ ಬರೆದೆ. ಬ್ರೌಸರಿನ ಪ್ಲೇಯರಿನೊಳಗಿನ ಸ್ಲೈಡರ್ ಅಥವಾ ಕೋಡಿಯ ಸ್ವಂತ ವಾಲ್ಯೂಮ್. ಪೈಪ್‌ವೈರ್ ಆ ಪ್ರೋಗ್ರಾಮಿನ ಸ್ಟ್ರೀಮಿಗೆ ನೆನಪಿಟ್ಟುಕೊಳ್ಳುವ ಮಟ್ಟ. ಕಾರ್ಡಿನ ಔಟ್‌ಪುಟ್ ಮಟ್ಟ. ಅದರ ಕೆಳಗೆ ಚಿಪ್ಪಿನೊಳಗಿನ ಮಾಸ್ಟರ್, ಪಿಸಿಎಂ, ಫ್ರಂಟ್, ಹೆಡ್‌ಫೋನ್. ಕೊನೆಗೆ ಟಿವಿ ರಿಮೋಟು ಅಥವಾ ಆಂಪ್ಲಿಫೈಯರಿನ ತಿರುಗಣೆ. ಮನೆಯ ಓವರ್‌ಹೆಡ್ ಟ್ಯಾಂಕಿನಿಂದ ಬಚ್ಚಲಿಗೆ ಬರುವ ಪೈಪಿನಲ್ಲಿ ಐದು ವಾಲ್ವ್ ಇದ್ದು, ಮನೆಮಂದಿ ತಲಾ ಒಂದೊಂದನ್ನು ತಿರುಗಿಸುತ್ತಿದ್ದರೆ ನಲ್ಲಿಯಲ್ಲಿ ನೀರು ಎಷ್ಟು ಬರುತ್ತದೆಂದು ಯಾರು ಹೇಳಬೇಕು? ಹಾಗಾಗಿ ನಾನು ಹಾಕಿಕೊಂಡ ಕಟ್ಟಳೆ ಒಂದೇ: ಪ್ರತಿ ಪ್ರೊಫೈಲಿನಲ್ಲೂ ಕೈಗೆ ಸಿಗುವ ವಾಲ್ವ್ ಒಂದೇ ಇರಬೇಕು, ಉಳಿದವೆಲ್ಲ ಗೊತ್ತಿರುವ ಮಟ್ಟದಲ್ಲಿ ಅಲುಗದೆ ನಿಲ್ಲಬೇಕು.

ಚಿಪ್ಪಿನಿಂದ ಶುರು ಮಾಡಿದೆ. ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ಪಿಸಿಎಚ್ ಆರಿಸಿ, ಮಾಸ್ಟರ್, ಪಿಸಿಎಂ, ಫ್ರಂಟ್, ಹೆಡ್‌ಫೋನ್ ನಾಲ್ಕನ್ನೂ 0 ಡಿಬಿಗೆ (ಡಿಬಿ ಅಂದರೆ ಡೆಸಿಬಲ್, 0 ಅಂದರೆ ಏರಿಸದೆ ಇಳಿಸದೆ) ತಂದೆ. ಮೇಲೆ ಎಡಗಡೆ ಡಿಬಿ ಎಷ್ಟೆಂದು ತೋರಿಸುತ್ತದೆ. ಮೈಕ್ ಬೂಸ್ಟ್ ಸೊನ್ನೆ, ಬೀಪ್ ಮ್ಯೂಟ್. ಕೆಳಗೆ ಎಂಎಂ ಅಂತಿದ್ದರೆ ಮ್ಯೂಟ್ ಎಂದರ್ಥ, ಎಂ ಒತ್ತಿದರೆ ಅದು ಬಿಡುತ್ತದೆ.

ಆದರೆ ಹೀಗೆ ಇಟ್ಟದ್ದು ನಿಲ್ಲುವುದಿಲ್ಲ. ಪೈಪ್‌ವೈರ್ ತನ್ನ ಸ್ಲೈಡರ್ ಸರಿಸಿದಾಗಲೆಲ್ಲ ಚಿಪ್ಪಿನ ಮಾಸ್ಟರನ್ನೂ ಪಿಸಿಎಂ ಅನ್ನೂ ಸೇರಿಸಿ ಎಳೆಯುತ್ತದೆ. ಅದನ್ನು ನಿಲ್ಲಿಸಲು ಹೋಮ್ ಡೈರೆಕ್ಟರಿಯ ಡಾಟ್-ಕಾನ್ಫಿಗ್ ಒಳಗೆ ವೈರ್‌ಪ್ಲಂಬರ್ ಫೋಲ್ಡರಿನಲ್ಲಿ ವೈರ್‌ಪ್ಲಂಬರ್-ಡಾಟ್-ಕಾನ್ಫ್-ಡಾಟ್-ಡಿ ಮಾಡಿ, ಅದರಲ್ಲಿ ಸಣ್ಣ ಫೈಲು ಬರೆದೆ. ಮಾನಿಟರ್-ಆಲ್ಸಾ-ರೂಲ್ಸ್ ಎಂಬ ವಿಭಾಗದಲ್ಲಿ ಪಿಸಿಎಚ್ ಕಾರ್ಡಿನ ಹೆಸರು ಹೊಂದಿದರೆ ಸಾಫ್ಟ್-ಮಿಕ್ಸರ್ ಟ್ರೂ ಅಂತ. ಇದಾದ ಮೇಲೆ ಮಟ್ಟವನ್ನೆಲ್ಲ ಪೈಪ್‌ವೈರ್ ತನ್ನೊಳಗೇ ಲೆಕ್ಕ ಹಾಕುತ್ತದೆ, ಚಿಪ್ಪಿನ ಮಟ್ಟ ಮುಟ್ಟುವುದಿಲ್ಲ. ಬಳಕೆಯಲ್ಲಿಲ್ಲದ ಜ್ಯಾಕನ್ನು ಮ್ಯೂಟ್ ಮಾಡುವುದಕ್ಕೆ ಮಾತ್ರ ಚಿಪ್ಪಿಗೆ ಕೈಹಾಕುತ್ತದೆ, ಅದು ಬೇಕಾದದ್ದೇ. ಡಿಜಿಟಲ್ ಆಗಿ ಇಳಿಸಿದರೆ ಗುಣಮಟ್ಟ ಕೆಡುತ್ತದೆ ಎಂಬ ಆತಂಕ 16 ಬಿಟ್ ಕಾಲದ್ದು. ಪೈಪ್‌ವೈರ್ ಒಳಗೆ 32 ಬಿಟ್ ಫ್ಲೋಟ್‌ನಲ್ಲಿ ಗುಣಿಸುತ್ತದೆ, ಈ ಚಿಪ್ಪು 24 ಬಿಟ್‌ನದು. ನನ್ನ ಆಂಪ್ಲಿಫೈಯರಿನ ಸ್ವಂತ ಹಿಸ್ ಅದಕ್ಕಿಂತ ಎಷ್ಟೋ ಜೋರು.

ಚಿಪ್ಪಿನ ಮಟ್ಟಗಳನ್ನು ಉಳಿಸುವುದು ಆಲ್ಸಾ-ಸಿಟಿಎಲ್ ಸ್ಟೋರ್. ಮಾಮೂಲಿಗೆ ಅದು ವಾರ್-ಲಿಬ್-ಆಲ್ಸಾದ ಎಸೌಂಡ್-ಸ್ಟೇಟ್ ಫೈಲಿಗೆ ಬರೆಯುತ್ತದೆ, ಬೂಟ್ ಆದಾಗ ಆಲ್ಸಾ-ರಿಸ್ಟೋರ್ ಸರ್ವಿಸ್ ಓದುತ್ತದೆ. ಇದರಲ್ಲೊಂದು ತೊಡಕು: ಅದೇ ಸರ್ವಿಸ್ ಶಟ್‌ಡೌನ್ ಹೊತ್ತಿನಲ್ಲಿ ಆಗಿರುವ ಮಟ್ಟವನ್ನು ಮತ್ತೆ ಅಲ್ಲೇ ಬರೆದಿಡುತ್ತದೆ. ಯಾರಾದರೂ ಮಧ್ಯೆ ಕೆಡಿಸಿದ್ದರೆ ಕೆಟ್ಟದ್ದೇ ಖಾಯಂ ಆಯಿತು. ಕರೆಂಟು ಹೋಗಿ ಪಿಸಿ ಒಮ್ಮೆಲೇ ನಿಂತರೆ ಹೊಸದು ಬರೆಯುವುದೇ ಇಲ್ಲ. ಎರಡೂ ತಲೆನೋವು ಬೇಡವೆಂದು ಫೈಲ್ ಎಂಬ ಆಪ್ಷನ್ ಕೊಟ್ಟು ಇಟಿಸಿಯೊಳಗೆ ಬೇರೆ ಹೆಸರಿನಲ್ಲಿ ಒಂದು ಪ್ರತಿ ಉಳಿಸಿದೆ. ಆಲ್ಸಾ-ರಿಸ್ಟೋರ್ ಮುಗಿದ ಮೇಲೆ ಆ ಪ್ರತಿಯಿಂದ ಓದಿಸುವ ಪುಟ್ಟ ಸರ್ವಿಸ್ ಒಂದು ಹಾಕಿದೆ. ಯಾರೂ ಬರೆಯದ ಫೈಲು, ಪ್ರತಿ ಬೂಟಿಗೂ ಅದೇ ಮಟ್ಟ.

ಮೇಲಿನ ಪದರಕ್ಕೆ ವೈರ್‌ಪ್ಲಂಬರಿನ ಸ್ವಂತ ಕಮ್ಯಾಂಡು ಡಬ್ಲ್ಯುಪಿ-ಸಿಟಿಎಲ್ ಸೆಟ್ಟಿಂಗ್ಸ್ ಸಾಕು, ಸೇವ್ ಎಂದು ಸೇರಿಸಿದರೆ ಖಾಯಂ ಆಗುತ್ತದೆ. ನೋಡ್-ಸ್ಟ್ರೀಮ್-ರಿಸ್ಟೋರ್-ಪ್ರಾಪ್ಸ್ ಮತ್ತು ರಿಸ್ಟೋರ್-ಟಾರ್ಗೆಟ್ ಎರಡನ್ನೂ ಫಾಲ್ಸ್ ಮಾಡಿದೆ. ಮೊದಲನೆಯದರಿಂದ ಬ್ರೌಸರಿನ ಹಳೆಯ ಇಳಿದ ಮಟ್ಟ ನೆನಪಿನಲ್ಲಿ ಉಳಿಯುವುದಿಲ್ಲ, ಎಲ್ಲ ಪ್ರೋಗ್ರಾಮೂ ಪೂರ್ತಿ ಮಟ್ಟದಲ್ಲೇ ಶುರುವಾಗುತ್ತದೆ. ಎರಡನೆಯದರಿಂದ, ಯಾವಾಗಲೋ ಒಮ್ಮೆ ಕೈಯಾರೆ ಆಂಪ್ಲಿಫೈಯರಿಗೆ ತಿರುಗಿಸಿದ ಪ್ರೋಗ್ರಾಮು ಅಲ್ಲೇ ಹಟ ಹಿಡಿದು ಕೂರುವುದಿಲ್ಲ. ಹೊಸ ಡಿವೈಸ್ ಮೊದಲ ಸಲ ಸೇರಿಸಿದಾಗ 40 ಶೇಕಡಾಕ್ಕೆ ಬರುವುದೇಕೆ ಎಂಬುದೂ ಇಲ್ಲೇ ಕಂಡಿತು: ಡೀಫಾಲ್ಟ್-ಸಿಂಕ್-ವಾಲ್ಯೂಮ್ 0.064, ಅಂದರೆ 0.4ರ ಘನ.

ಈ ಘನದ ಲೆಕ್ಕ ತಿಳಿದಿದ್ದರೆ ಅನುಕೂಲ. ಸ್ಲೈಡರಿನ ಶೇಕಡಾ ನೇರ ಗುಣಕವಲ್ಲ, ಅದರ ಘನ. 50 ಶೇಕಡಾ ಅಂದರೆ ಸುಮಾರು ಮೈನಸ್ 18 ಡಿಬಿ, 40 ಅಂದರೆ ಮೈನಸ್ 24, 30 ಅಂದರೆ ಮೈನಸ್ 31. ಮೇಲುಗಡೆ 150 ಶೇಕಡಾ ಪ್ಲಸ್ ಹತ್ತೂವರೆ ಡಿಬಿ. 100 ದಾಟಿದ ಮೇಲೆ ಮೊದಲೇ ಜೋರಾಗಿ ಮಾಸ್ಟರಿಂಗ್ ಮಾಡಿದ ಹಾಡುಗಳ ತುದಿ ಕತ್ತರಿಸಿ ಹೋಗಿ ಕರಕರ ಅನ್ನುತ್ತದೆ. ಸ್ಪೀಕರ್ ಹೋಯಿತು ಎಂದುಕೊಂಡು ಹೊಸದು ತರುವವರಿದ್ದಾರೆ.

ಇಷ್ಟಾದ ಮೇಲೆ ಪ್ರೊಫೈಲುಗಳು ಸುಲಭ. ಒಂದು ಶೆಲ್ ಸ್ಕ್ರಿಪ್ಟು, ಅದಕ್ಕೆ ಮೂರು ಹೆಸರು: ಟಿವಿ, ಹಾಡು, ರಾತ್ರಿ.

ಟಿವಿ ಎಂದರೆ ಎಚ್‌ಡಿಎಂಐ ಕಾರ್ಡು ಎಚ್‌ಡಿಎಂಐ ಸ್ಟೀರಿಯೋ ಪ್ರೊಫೈಲಿಗೆ, ಮಟ್ಟ 100ಕ್ಕೆ, ಪಿಸಿಎಚ್ ಕಾರ್ಡು ಆಫ್ ಪ್ರೊಫೈಲಿಗೆ. ಆಫ್ ಎಂಬ ಪ್ರೊಫೈಲನ್ನು ಬಹಳ ಜನ ಕಡೆಗಣಿಸುತ್ತಾರೆ, ನನಗೆ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಟಿವಿ ಆಫ್ ಮಾಡಿದಾಗ ಎಚ್‌ಡಿಎಂಐ ತುದಿಯಲ್ಲಿ ಯಾರೂ ಇಲ್ಲವೆಂದು ಕಾರ್ಡಿಗೆ ತಿಳಿಯುತ್ತದೆ, ವೈರ್‌ಪ್ಲಂಬರ್ ಇರುವ ಇನ್ನೊಂದು ಔಟ್‌ಪುಟ್ಟಿಗೆ ಸೌಂಡ್ ತಿರುಗಿಸುತ್ತದೆ. ಟಿವಿ ಆಫ್ ಆದ ಮೇಲೂ ಸಿನಿಮಾ ಆಂಪ್ಲಿಫೈಯರಿನಲ್ಲಿ ಎದ್ದು ಬರುತ್ತಿದ್ದುದು ಹೀಗೆ. ಪಿಸಿಎಚ್ ಆಫ್ ಇದ್ದರೆ ತಿರುಗಿಸಲು ಜಾಗವೇ ಇಲ್ಲ, ಸೌಂಡ್ ಡಮ್ಮಿ ಔಟ್‌ಪುಟ್ಟಿಗೆ ಹೋಗಿ ಸುಮ್ಮನಾಗುತ್ತದೆ. ಈ ಪ್ರೊಫೈಲಿನಲ್ಲಿ ತಿರುಗಿಸುವ ವಾಲ್ವ್ ಟಿವಿ ರಿಮೋಟು ಮಾತ್ರ.

ಹಾಡು ಇದರ ಉಲ್ಟಾ. ಎಚ್‌ಡಿಎಂಐ ಆಫ್, ಪಿಸಿಎಚ್ ಅನಲಾಗ್ ಸ್ಟೀರಿಯೋ. ಆಂಪ್ಲಿಫೈಯರಿನ ತಿರುಗಣೆಯನ್ನು ಒಂದು ಜಾಗಕ್ಕೆ ನಿಲ್ಲಿಸಿ, ಅಲ್ಲಿ ಹೆಂಡತಿಯ ಉಗುರು ಬಣ್ಣದ ಚುಕ್ಕೆ ಇಟ್ಟೆ (ಬಣ್ಣ ಆರಿಸಿದ್ದು ಅವಳೇ). ಇಲ್ಲಿ ವಾಲ್ವ್ ಪಿಸಿಯ ವಾಲ್ಯೂಮ್. ಆಂಪ್ಲಿಫೈಯರಿಗೆ 60, ಹೆಡ್‌ಫೋನಿಗೆ 30 ಅಂತ ಒಮ್ಮೆ ಇಟ್ಟರೆ ಸಾಕು, ಪೋರ್ಟು ಪೋರ್ಟಿಗೂ ಬೇರೆಬೇರೆ ಮಟ್ಟ ವೈರ್‌ಪ್ಲಂಬರ್ ನೆನಪಿಟ್ಟುಕೊಳ್ಳುತ್ತದೆ.

ಸ್ಕ್ರಿಪ್ಟಿನಲ್ಲಿ ಡಬ್ಲ್ಯುಪಿ-ಸಿಟಿಎಲ್ ಬದಲು ಪಿಎ-ಸಿಟಿಎಲ್ ಬಳಸಿದ್ದಕ್ಕೆ ಕಾರಣವಿದೆ. ಮೊದಲನೆಯದು ಕೇಳುವ ಐಡಿ ನಂಬರುಗಳು ಬೂಟಿಗೊಮ್ಮೆ ಬದಲಾಗುತ್ತವೆ. ಎರಡನೆಯದಕ್ಕೆ ಪಿಸಿಐ ವಿಳಾಸ ಸೇರಿದ ಉದ್ದ ಹೆಸರು ಕೊಡಬಹುದು, ಅದು ಬದಲಾಗುವುದಿಲ್ಲ. ಪ್ರೊಫೈಲ್ ಬದಲಿಸಿದ ಸಾಲಿನ ನಂತರ ಒಂದು ಸೆಕೆಂಡ್ ಸ್ಲೀಪ್ ಹಾಕಿ. ಹೊಸ ಔಟ್‌ಪುಟ್ ಹುಟ್ಟುವ ಮೊದಲೇ ಅದನ್ನು ಡೀಫಾಲ್ಟ್ ಮಾಡು ಎಂದರೆ ಅಂಥದ್ದು ಇಲ್ಲ ಎನ್ನುತ್ತದೆ.

ರಾತ್ರಿಯದ್ದೇ ಸ್ವಾರಸ್ಯ. ಬರೀ ಮಟ್ಟ ಇಳಿಸಿದರೆ ಪಿಸುಮಾತು ಹೋಗುತ್ತದೆ, ಏರಿಸಿದರೆ ಫೈಟು ಮಲಗಿದವರನ್ನು ಎಬ್ಬಿಸುತ್ತದೆ. ಬೇಕಾದದ್ದು ಕಂಪ್ರೆಸರ್, ಅಂದರೆ ಜೋರು ಸದ್ದನ್ನು ಅದುಮಿ ಮೆಲುದನಿಯ ಹತ್ತಿರಕ್ಕೆ ತರುವ ಫಿಲ್ಟರ್. ಡೆಬಿಯನ್‌ನ ಎಸ್‌ಡಬ್ಲ್ಯುಎಚ್-ಪ್ಲಗಿನ್ಸ್ ಪ್ಯಾಕೇಜಿನಲ್ಲಿ ಎಸ್‌ಸಿ4 ಅಂತ ಸ್ಟೀರಿಯೋ ಕಂಪ್ರೆಸರ್ ಇದೆ. ಪೈಪ್‌ವೈರ್‌ನ ಫಿಲ್ಟರ್-ಚೈನ್ ಮಾಡ್ಯೂಲಿನಲ್ಲಿ ಅದನ್ನು ಕೂರಿಸಿ "ರಾತ್ರಿ" ಎಂಬ ಸುಳ್ಳು ಔಟ್‌ಪುಟ್ ಒಂದು ಮಾಡಿದೆ. ಅದರ ಹಿಂಬದಿ ಎಚ್‌ಡಿಎಂಐಗೆ ಕಟ್ಟಿದೆ. ಥ್ರೆಶೋಲ್ಡ್ (ಅದುಮಲು ಶುರು ಮಾಡುವ ಮಟ್ಟ) ಮೈನಸ್ 24 ಡಿಬಿ, ಅನುಪಾತ 4, ಅಟ್ಯಾಕ್ (ಅದುಮಲು ಹಿಡಿಯುವ ಸಮಯ) 10 ಮಿಲಿಸೆಕೆಂಡ್, ರಿಲೀಸ್ (ಬಿಡಲು ಹಿಡಿಯುವ ಸಮಯ) 300, ಮೇಕಪ್ ಗೇನ್ (ಕೊನೆಗೆ ಎತ್ತುವುದು) 8 ಡಿಬಿ. ಮೈನಸ್ 24ರ ಆಸುಪಾಸಿನ ಮಾತನ್ನು ಇದು ಹೆಚ್ಚು ಅದುಮುವುದಿಲ್ಲ. ಮೈನಸ್ 4ಕ್ಕೆ ಬರುವ ಸ್ಫೋಟ ಮಾತಿಗಿಂತ 20 ಡಿಬಿ ಮೇಲೆ. ನಾಲ್ಕರಿಂದ ಭಾಗಿಸಿ 5 ಡಿಬಿ ಮೇಲಕ್ಕೆ ಮಾತ್ರ ಬಿಡುತ್ತದೆ. ಆಮೇಲೆ ಎರಡನ್ನೂ 8 ಡಿಬಿ ಎತ್ತುತ್ತದೆ. ರಿಲೀಸನ್ನು 100ಕ್ಕೆ ಇಳಿಸಿ ನೋಡಿದೆ. ಡೋಲು ಬಡಿದಾಗಲೆಲ್ಲ ಹಿಂದಿನ ಸಂಗೀತ ಏದುಸಿರು ಬಿಟ್ಟಂತೆ ಏರಿಳಿಯುತ್ತಿತ್ತು, 300ಕ್ಕೇ ಮರಳಿದೆ. ಹಾಡಿಗೆ ಇದನ್ನು ಎಂದೂ ಹಾಕಬೇಡಿ, ಕಛೇರಿಯ ತನಿ ಆವರ್ತನ ಸಪ್ಪೆ ಆಗಿಬಿಡುತ್ತದೆ.

ರಾತ್ರಿ ಪ್ರೊಫೈಲು 10:30ಕ್ಕೆ ತಾನೇ ಬರಲಿ ಎಂದು ಸರ್ವಿಸುಗಳನ್ನು ನಡೆಸುವ ಸಿಸ್ಟಮ್‌ಡಿಯ ಯೂಸರ್ ಟೈಮರ್ ಹಾಕಿದೆ. ಹೊತ್ತಿಗೆ ಸರಿಯಾಗಿ ಕಮ್ಯಾಂಡು ನಡೆಸುವ ಹಳೆಯ ಕ್ರಾನ್ ಬೇಡ: ಅದಕ್ಕೆ ಎಕ್ಸ್‌ಡಿಜಿ-ರನ್‌ಟೈಮ್-ಡಿಐಆರ್ ಎಂಬ ವೇರಿಯೆಬಲ್ ಸಿಗುವುದಿಲ್ಲ, ಕಮ್ಯಾಂಡು ಪೈಪ್‌ವೈರನ್ನು ತಲುಪುವುದೇ ಇಲ್ಲ. ಹಾಡು ಪ್ರೊಫೈಲು ನಡೆಯುತ್ತಿದ್ದರೆ ಟೈಮರ್ ಸುಮ್ಮನಿರಬೇಕೆಂದು ಸ್ಕ್ರಿಪ್ಟಿನಲ್ಲಿ ಒಂದು ಷರತ್ತು, ಇಲ್ಲದಿದ್ದರೆ ಹೆಡ್‌ಫೋನ್ ಹಾಕಿಕೊಂಡ ಮಗನ ಕೂಗಾಟ ಕೇಳಬೇಕು. ರಿಮೋಟಿಗೆ ಕೋಡಿಯ ಕೀಮ್ಯಾಪ್ ಫೈಲಿನಲ್ಲಿ ಮೂರು ಬಟನ್ನುಗಳಿಗೆ ಸಿಸ್ಟಮ್-ಎಕ್ಸೆಕ್ ಮೂಲಕ ಸ್ಕ್ರಿಪ್ಟು ಕಟ್ಟಿದೆ. ವಾಲ್ಯೂಮ್ ಬಟನ್ನುಗಳನ್ನೂ ಕೋಡಿಯಿಂದ ಕಿತ್ತು, ಡಬ್ಲ್ಯುಪಿ-ಸಿಟಿಎಲ್ ಸೆಟ್-ವಾಲ್ಯೂಮಿಗೆ 1.0ರ ಮಿತಿ ಹಾಕಿ ಕೊಟ್ಟೆ. ಆ ಮಿತಿ ಆ ಕಮ್ಯಾಂಡಿಗಷ್ಟೇ ಅನ್ವಯ. ಬೇರೆ ಸ್ಲೈಡರಿನಿಂದ 100 ದಾಟಿಸುವವರನ್ನು ಅದು ತಡೆಯದು.

ಉಳಿದದ್ದು ಸಣ್ಣಪುಟ್ಟದ್ದು. ಪಾಜ್ ಒತ್ತಿ ನಿಲ್ಲಿಸಿ ಮತ್ತೆ ಬಿಟ್ಟಾಗ ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತಿತ್ತು, ಆಂಪ್ಲಿಫೈಯರಿನಲ್ಲಿ ಟಪ್ ಅನ್ನುತ್ತಿತ್ತು. 5 ಸೆಕೆಂಡ್ ಸೌಂಡ್ ಇಲ್ಲದಿದ್ದರೆ ವೈರ್‌ಪ್ಲಂಬರ್ ಔಟ್‌ಪುಟ್ಟನ್ನು ಮಲಗಿಸುತ್ತದೆ. ಸಸ್ಪೆಂಡ್-ಟೈಮ್‌ಔಟ್ ಸೊನ್ನೆ ಮಾಡಿದೆ, ಜೊತೆಗೆ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್ ಡ್ರೈವರಿನ ಪವರ್-ಸೇವ್ ಕೂಡ ಸೊನ್ನೆ. ಎಚ್‌ಡಿಎಂಐ ಕೇಬಲನ್ನು ಬೋರ್ಡಿನ ಇನ್ನೊಂದು ಪೋರ್ಟಿಗೆ ಬದಲಿಸಿದರೆ ಪ್ರೊಫೈಲಿನ ಹೆಸರಿನ ಬಾಲಕ್ಕೆ ಎಕ್ಸ್‌ಟ್ರಾ1 ಅಂತ ಸೇರಬಹುದು, ಆಗ ಸ್ಕ್ರಿಪ್ಟಿನಲ್ಲೂ ಬದಲಿಸಬೇಕು.

ಬ್ಲೂಟೂತ್ ಹೆಡ್‌ಸೆಟ್ ಒಂದು ಬಾಕಿ ಇತ್ತು. ಬ್ರೌಸರಿನಲ್ಲಿ ಮೈಕ್ ತೆರೆದ ಕೂಡಲೇ ಅದು ಹಾಡಿಗೆಂದಿರುವ ಎ2ಡಿಪಿ ಪ್ರೊಫೈಲು ಬಿಟ್ಟು ಫೋನ್ ಕರೆಯ ಪ್ರೊಫೈಲಿಗೆ ಜಾರಿ, ಹಾಡು ಹಳೆಯ ಲ್ಯಾಂಡ್‌ಲೈನಿನಲ್ಲಿ ಕೇಳಿದ ಹಾಗಾಗುತ್ತಿತ್ತು. ಬ್ಲೂಟೂತ್-ಆಟೋಸ್ವಿಚ್-ಟು-ಹೆಡ್‌ಸೆಟ್-ಪ್ರೊಫೈಲ್ ಫಾಲ್ಸ್ ಮಾಡಿ ಸೇವ್ ಮಾಡಿದೆ. ಮೈಕು ವೆಬ್‌ಕ್ಯಾಮಿನದೇ ಸಾಕು ಅಂತ ಮಗನೂ ಒಪ್ಪಿಕೊಂಡ.